ಬೆರಳು ಒತ್ತಪ್ಪ, ಬರಲಿಲ್ಲಾಂದ್ರೆ ಪಕ್ಕಕ್ಕೆ ನಿಂತ್ಕೋ

ತಮ್ಮನ ಮಗಳನ್ನು ಪ್ರವೇಶ ಪರೀಕ್ಷೆಗೆ ಒಳಗೆ ಕಳಿಸಿ, ಗೇಟಿನ ಹೊರಗೆ ಕಟ್ಟೆ ಮೇಲೆ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ತಲೆ ಕಾದಿದೆ. ಆರುವ ಮುಂಚೆ ಬರೆದುಬಿಡುತ್ತೇನೆ. ಆರಿದ ಮೇಲೆ ನಾನು ಸುಮ್ನೆ ಒಳ್ಳೆಯವಳಾಗಿಬಿಡುತ್ತೇನೆ, ಅದರಿಂದ ಯಾರಿಗೂ ಉಪಯೋಗವಿಲ್ಲ.

ಗೇಟಿನಲ್ಲಿ ಬೆರಳಚ್ಚಿನ ಮೆಷಿನ್ ಇತ್ತು. ಅಂಗೈಯಷ್ಟು ಡಬ್ಬಿ, ಅದರ ಮೇಲೆ ಒಂದು ಪುಟ್ಟ ಗಾಜು. ಹಸಿರು ಬಂದರೆ ಒಳಗೆ, ಕೆಂಪು ಬಂದರೆ ಮತ್ತೆ ಒತ್ತಬೇಕು. ನಮ್ಮ ಹುಡುಗಿಗೆ ಹಸಿರು ಬಂತು. ಅವಳ ಮುಂದಿದ್ದ ಹುಡುಗನಿಗೆ ಬರಲಿಲ್ಲ. ಬಲಗೈ ಹೆಬ್ಬೆರಳು ಒತ್ತಿದ, ಎಡಗೈ ಒತ್ತಿದ, ತೋರುಬೆರಳು ಒತ್ತಿದ. ಪ್ಯಾಂಟಿಗೆ ಒರೆಸಿಕೊಂಡು, ಬಾಯಿಂದ ಊದಿಕೊಂಡು ಮತ್ತೆ ಒತ್ತಿದ. ಕೆಂಪು. ಬೆರಳ ತುದಿ ಬಿರುಕು ಬಿಟ್ಟು ಒರಟಾಗಿತ್ತು, ರಜೆಯಲ್ಲಿ ಸಿಮೆಂಟ್ ಕೆಲಸಕ್ಕೆ ಹೋಗಿದ್ದನಂತೆ. ಡಬ್ಬಿ ಹಿಡಿದು ನಿಂತಿದ್ದವನೂ ಎಳೇ ಹುಡುಗನೇ, ಯಾವುದೋ ಏಜೆನ್ಸಿ ಕಳಿಸಿದವನು. "ಪಕ್ಕಕ್ಕೆ ನಿಂತ್ಕೊಳಪ್ಪ" ಅಂದ. ಪಕ್ಕದಲ್ಲಿ ಆಗಲೇ ನಾಲ್ಕಾರು ಮಕ್ಕಳು ನಿಂತಿದ್ದರು. ಸಾಲಿನಲ್ಲಿದ್ದ ಅಪ್ಪ ಅಮ್ಮಂದಿರು ಅವರನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಜೇಬುಗಳ್ಳರನ್ನು ಹಿಡಿದು ನಿಲ್ಲಿಸಿದ್ದರೂ ಇದಕ್ಕಿಂತ ಮರ್ಯಾದೆಯಿಂದ ನೋಡುತ್ತಿದ್ದರೇನೋ.

ಆಮೇಲೆ ಏನಾಯ್ತು ಗೊತ್ತಾ? ಒಬ್ಬ ಮೇಡಂ ಬಂದರು. ಹಾಲ್ ಟಿಕೆಟ್ ನೋಡಿದರು, ಗುರುತಿನ ಚೀಟಿ ನೋಡಿದರು, ಹುಡುಗನ ಮುಖ ನೋಡಿದರು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು "ಹೋಗು ಬೇಗ" ಅಂದರು. ಅಷ್ಟೇ! ಅಂದರೆ ಗುರುತು ಹಿಡಿದಿದ್ದು ಕಣ್ಣು, ಪೆನ್ನು, ರಿಜಿಸ್ಟರು. ಮೆಷಿನ್ ಮಾಡಿದ್ದು ಆ ಹುಡುಗನ ಸಮಯವನ್ನೂ ಮರ್ಯಾದೆಯನ್ನೂ ತಿಂದ ಕೆಲಸ ಮಾತ್ರ. ಹೋದ ನಿಮಿಷಗಳನ್ನು ಕೊನೆಯಲ್ಲಿ ಕೊಡುತ್ತೀರಾ ಅಂತ ಕೇಳಿದೆ. ಅವರು ನನ್ನನ್ನು ನೋಡಿದ ರೀತಿಯಲ್ಲೇ ಉತ್ತರ ಇತ್ತು.

ನಾನು ಟೀಚರ್ ಆಗಿದ್ದವಳು ಅಂತ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಕೆಲವರು ನನ್ನ ಕೊಠಡಿಯಲ್ಲೇ ಕತ್ತು ತಿರುಗಿಸಿ ಬೈಸಿಕೊಂಡವರು. ಹಾಗಾಗಿ ಕಾಪಿ ಹೊಡೆಯುವವರ ಮೇಲೆ ನನಗೆ ಕನಿಕರ ಜಾಸ್ತಿ ಅಂತ ಯಾರೂ ಹೇಳಬೇಡಿ. ಆದರೆ ಪರೀಕ್ಷೆ ಶುರುವಾದ ಮೊದಲ ಕೆಲವು ನಿಮಿಷ ಏನು ಅಂತ ನನಗೆ ಗೊತ್ತು. ಹೆದರಿಕೊಂಡು ಬಂದು ಕೂತ ಮಗು ವೃತ್ತ ತುಂಬುವ ಓಎಂಆರ್ ಹಾಳೆಯಲ್ಲಿ ತನ್ನ ರಿಜಿಸ್ಟರ್ ನಂಬರನ್ನೇ ತಪ್ಪು ತುಂಬುತ್ತದೆ. ಮೊದಲ ಪ್ರಶ್ನೆಯನ್ನು ಓದಿದ್ದನ್ನೇ ಓದುತ್ತಾ ಕೂರುತ್ತದೆ. ಗೊತ್ತಿರುವ ಲೆಕ್ಕವನ್ನೇ ಬಿಟ್ಟು ಬರುತ್ತದೆ. ಮೆಷಿನ್ ಓದದೇ ಹೋದದ್ದು ಹೆಬ್ಬೆರಳನ್ನು, ಕಡಿಮೆಯಾದದ್ದು ಗಣಿತದ ಅಂಕ. ಇದಕ್ಕೆ ನ್ಯಾಯ ಅಂತ ಹೆಸರು.

ಒಂದು ವಿಷಯ ಹೇಳಿಬಿಡುತ್ತೇನೆ, ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನನ್ನ ಕೈ ಬೆವರುತ್ತದೆ. ಹೈಸ್ಕೂಲಿನಿಂದಲೂ ಹಾಗೇ. ಪರೀಕ್ಷೆ ಅಂದರೆ ಸಾಕು, ಅಂಗೈ ಒದ್ದೆ. ಉತ್ತರಪತ್ರಿಕೆ ಮೇಲೆ ಶಾಯಿ ಹರಡುತ್ತಿತ್ತು, ಕೈ ಕೆಳಗೆ ಕರ್ಚೀಫ್ ಹಾಸಿಕೊಂಡು ಬರೆಯುತ್ತಿದ್ದೆ. ಬೆರಳು ಒದ್ದೆಯಾಗಿದ್ದರೆ ಈ ಗಾಜು ಸರಿಯಾಗಿ ಓದುವುದಿಲ್ಲ. ತುಂಬಾ ಒಣಗಿದ್ದರೂ ಓದುವುದಿಲ್ಲ. ಅಂದರೆ ಜಾಸ್ತಿ ಹೆದರಿದವರನ್ನೂ, ಕೈಯಲ್ಲಿ ದುಡಿದವರನ್ನೂ ಹುಡುಕಿ ಹುಡುಕಿ ಪಕ್ಕಕ್ಕೆ ನಿಲ್ಲಿಸುವ ಮೆಷಿನ್ ಇದು. ನಾನು ಈ ಕಾಲದಲ್ಲಿ ಹತ್ತನೇ ಕ್ಲಾಸು ಬರೆದಿದ್ದರೆ ಟೀಚರ್ ಆಗುತ್ತಿದ್ದೆನೋ ಇಲ್ಲವೋ.

ಇಷ್ಟರಲ್ಲಿ ನಮ್ಮ ಹಳೇ ಸ್ಟಾಫ್ ಗುಂಪಿನಲ್ಲಿ ಒಬ್ಬ ಮಹನೀಯರು ಮೆಸೇಜ್ ಹಾಕಿದ್ದಾರೆ: ಇದನ್ನು ಶಾಲಾ ಪರೀಕ್ಷೆಗೂ ತರಬೇಕು, ಆಗಲೇ ಪಾರದರ್ಶಕತೆ. ಕೆಳಗೆ ಹತ್ತು ಚಪ್ಪಾಳೆ. ಚಪ್ಪಾಳೆ ತಟ್ಟಿದ ಕೈಗಳನ್ನೇ ಒಂದು ಸಲ ಆ ಗಾಜಿನ ಮೇಲೆ ಇಡಿಸಬೇಕು ಅನ್ನಿಸಿತು.

ಮೆಷಿನ್ ಸುಳ್ಳು ಹೇಳುವುದಿಲ್ಲ ಅನ್ನುವವರಿಗೆ ಒಂದು ಮಾತು. ಅದು ಹೌದು, ಅಲ್ಲ ಅಂತ ಹೇಳುವುದೇ ಇಲ್ಲ. ಮೊದಲು ದಾಖಲಾದ ಬೆರಳಚ್ಚಿಗೂ ಈಗ ಒತ್ತಿದ್ದಕ್ಕೂ ಎಷ್ಟು ಹೋಲಿಕೆ ಇದೆ ಅಂತ ಒಂದು ಅಂಕ ಕೊಡುತ್ತದೆ. ಎಷ್ಟು ಅಂಕ ಬಂದರೆ ಪಾಸು ಅಂತ ಮೊದಲೇ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಇದು ಜರಡಿ ಇದ್ದಂತೆ. ಕಣ್ಣು ಸಣ್ಣ ಮಾಡಿದರೆ ಒಳ್ಳೇ ಕಾಳೂ ಮೇಲೇ ಉಳಿಯುತ್ತದೆ, ದೊಡ್ಡದು ಮಾಡಿದರೆ ಕಲ್ಲೂ ಕೆಳಗಿಳಿಯುತ್ತದೆ. ಎರಡೂ ತಪ್ಪನ್ನು ಒಟ್ಟಿಗೆ ಸೊನ್ನೆ ಮಾಡುವ ಜರಡಿ ಇನ್ನೂ ಬಂದಿಲ್ಲ. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. 100ಕ್ಕೆ 1 ಸಲ ತಪ್ಪಾಗಿ ಬೇಡ ಅಂದರೂ, 600 ಮಕ್ಕಳಿರುವ ಕೇಂದ್ರದಲ್ಲಿ 6 ಮಕ್ಕಳು ಪಕ್ಕಕ್ಕೆ ನಿಲ್ಲುತ್ತಾರೆ. ಇಷ್ಟು ಮಕ್ಕಳು ಪರವಾಗಿಲ್ಲ ಅಂತ ಒಪ್ಪಿಕೊಂಡವರು ಯಾರು? ಅವರ ಮಕ್ಕಳು ಆ 6ರಲ್ಲಿ ಇದ್ದರಾ?

ಅದೂ ಶಾಲೆ ಮಕ್ಕಳು. ಬೆಳೆಯುವ ಮೈ. ಆಧಾರ್‌ನಲ್ಲೇ 5 ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ. 5 ತುಂಬಿದ ಮೇಲೆ ಒಂದು ಸಲ, 15ಕ್ಕೆ ಇನ್ನೊಂದು ಸಲ ಕೊಡಬೇಕು ಅಂತ ನಿಯಮ. ಮಕ್ಕಳ ಬೆರಳು ಬದಲಾಗುತ್ತದೆ ಅಂತ ಅವರಿಗೇ ಗೊತ್ತು. ಹತ್ತನೇ ಕ್ಲಾಸಿನ ಪರೀಕ್ಷೆ ಬರುವುದು ಸರಿಯಾಗಿ ಆ 15ರ ಆಸುಪಾಸಿನಲ್ಲೇ. ಅಪ್ಡೇಟ್ ಮಾಡಿಸದ ಮಗುವಿನ ಗತಿ?

ಬೆರಳು ಬೇಡ, ಮುಖ ನೋಡಿ ಅಂತೀರಾ? ಅಮೆರಿಕದ ಎನ್ಐಎಸ್‌ಟಿ ಅನ್ನುವ ಸರ್ಕಾರಿ ಸಂಸ್ಥೆ 2019ರಲ್ಲಿ 189 ಮುಖ ಗುರುತಿಸುವ ಸಾಫ್ಟ್‌ವೇರ್‌ಗಳನ್ನು ಪರೀಕ್ಷೆ ಮಾಡಿ ವರದಿ ಕೊಟ್ಟಿತು. ಒಬ್ಬರನ್ನು ಇನ್ನೊಬ್ಬರು ಅಂದುಕೊಳ್ಳುವ ತಪ್ಪು, ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಬಿಳಿಯರಿಗಿಂತ ಏಷ್ಯಾದವರ ಮತ್ತು ಕಪ್ಪು ಜನರ ವಿಷಯದಲ್ಲಿ 10ರಿಂದ 100 ಪಟ್ಟು ಜಾಸ್ತಿ ಇತ್ತು. ಮಕ್ಕಳಲ್ಲೂ ವಯಸ್ಸಾದವರಲ್ಲೂ ಈ ತಪ್ಪು ಜಾಸ್ತಿ. ಅಂದರೆ ನಮ್ಮ ಮಕ್ಕಳು ಎರಡು ಕಾರಣಕ್ಕೂ ಆ ಪಟ್ಟಿಯಲ್ಲಿದ್ದಾರೆ, ಸಂತೋಷಪಡಿ. ಅವಳಿ ಜವಳಿಯಿದ್ದರಂತೂ ಕಥೆ ಬೇರೆಯೇ. ಒಂದೇ ಥರದ ಅವಳಿಗಳಲ್ಲಿ ಬೆರಳಚ್ಚು ಬೇರೆ ಬೇರೆ ಇರುತ್ತದೆ, ಮುಖವೂ ಬೇರೆ ಇರಬೇಕಲ್ಲ?

ಈಗ ಅಸಲು ಸಿಟ್ಟಿಗೆ ಬರುತ್ತೇನೆ. ಪರೀಕ್ಷೆಯಲ್ಲಿ ಮೋಸ ಎಲ್ಲಿ ನಡೆಯುತ್ತದೆ ಹೇಳಿ. 2016ರಲ್ಲಿ ದ್ವಿತೀಯ ಪಿಯು ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿತು. ಮರುಪರೀಕ್ಷೆ ಇಟ್ಟರು, ಅದೂ ಸೋರಿತು! ಅದೇ ವಿಷಯವನ್ನು ಮಕ್ಕಳು ಓದಿದ್ದೇ ಓದಿದ್ದು. ಆವತ್ತು ಎಲ್ಲ ಮಕ್ಕಳ ಹತ್ತೂ ಬೆರಳು ಒತ್ತಿಸಿಕೊಂಡಿದ್ದರೂ ಆ ಪತ್ರಿಕೆ ಸೋರುತ್ತಿತ್ತು. 2021ರ ಪಿಎಸ್ಐ ನೇಮಕಾತಿ ನೆನಪಿದೆಯಲ್ಲ, 545 ಹುದ್ದೆ. ಅಭ್ಯರ್ಥಿ ಬರೆದು ಎದ್ದುಹೋದ ಮೇಲೆ ಓಎಂಆರ್ ಹಾಳೆ ತಿದ್ದಿದ ಪ್ರಕರಣ ಅದು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿ, ಎಡಿಜಿಪಿಯೇ ಆರೋಪದ ಮೇಲೆ ಬಂಧನಕ್ಕೊಳಗಾದರು. ಅಲ್ಲಿ ಕೂತಿದ್ದ ಅಭ್ಯರ್ಥಿ ಅಸಲಿಯೇ, ಅವನ ಹೆಬ್ಬೆರಳೂ ಅಸಲಿಯೇ. ನಕಲಿ ಆಗಿದ್ದು ಉತ್ತರ.

2024ರ ನೀಟ್ ತಗೊಳ್ಳಿ. ಮಕ್ಕಳ ಬಯೋಮೆಟ್ರಿಕ್ ಹಾಜರಾತಿ ತೆಗೆದುಕೊಳ್ಳುವ ಪರೀಕ್ಷೆ ಅದು. ಕಿವಿಯೋಲೆ ತೆಗೆಸುತ್ತಾರೆ, ಅಂಗಿ ತೋಳಿನ ಉದ್ದ ನೋಡುತ್ತಾರೆ. ಆ ವರ್ಷ ಜಾರ್ಖಂಡ್‌ನ ಹಜಾರಿಬಾಗ್‌ನ ಒಂದು ಶಾಲೆಯಲ್ಲಿ ಇಟ್ಟಿದ್ದ ಟ್ರಂಕಿನಿಂದ ಪತ್ರಿಕೆ ಹೊರಗೆ ಹೋಯಿತು ಅಂತ ಸಿಬಿಐ ಹೇಳಿತು. ಆ ಶಾಲೆಯ ಪ್ರಾಂಶುಪಾಲರನ್ನೂ ಉಪಪ್ರಾಂಶುಪಾಲರನ್ನೂ ಬಂಧಿಸಿತು. ಹಜಾರಿಬಾಗ್ ಮತ್ತು ಪಟ್ನಾದಲ್ಲಿ ಸೋರಿಕೆ ಆಗಿದ್ದರಲ್ಲಿ ಅನುಮಾನವಿಲ್ಲ ಅಂತ ಸುಪ್ರೀಂ ಕೋರ್ಟೇ ಅಂದಿತು. ಗೇಟಿನಲ್ಲಿ ಹದಿನೇಳರ ಹುಡುಗಿಯ ಬೆರಳು ಕೇಳುತ್ತಾರೆ. ಟ್ರಂಕಿನ ಹತ್ತಿರ ಓಡಾಡುವ ದೊಡ್ಡವರ ಬೆರಳು ಯಾರು ಕೇಳುತ್ತಾರೆ?

ನಾನು ಈ ಸರಪಳಿಯನ್ನು ಹತ್ತಿರದಿಂದ ನೋಡಿದವಳು. ಖಜಾನೆಯಿಂದ ಪ್ರಶ್ನೆಪತ್ರಿಕೆಯ ಬಂಡಲ್ ಹೊರಡುತ್ತದೆ. ಮಾರ್ಗಾಧಿಕಾರಿ ತರುತ್ತಾರೆ, ಕೇಂದ್ರದಲ್ಲಿ ಮುಖ್ಯ ಅಧೀಕ್ಷಕರು ತೆಗೆದುಕೊಳ್ಳುತ್ತಾರೆ, ಸೀಲು ಸರಿಯಿದೆ ಅಂತ ಇಬ್ಬರು ಸಹಿ ಹಾಕುತ್ತಾರೆ. ಆ ಸಹಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಲಕೋಟೆ ನೋಡುವ ಮುಂಚೆಯೇ ಪೆನ್ನು ಓಡಿರುತ್ತದೆ. ನಂಬಿಕೆಯ ಮೇಲೆ ನಡೆಯುವ ಕೆಲಸ ಅಂತಾರೆ. ನಂಬಿಕೆ ದೊಡ್ಡವರಿಗೆ, ಅನುಮಾನ ಮಕ್ಕಳಿಗೆ.

ಸರಿ, ನಕಲಿ ಅಭ್ಯರ್ಥಿಗಳು ಇಲ್ಲವೇ ಅಂತ ಕೇಳುತ್ತೀರಿ. ಇದ್ದಾರೆ, ಯಾರು ಇಲ್ಲ ಅಂದರು? 2022ರಲ್ಲಿ ವಡೋದರಾದಲ್ಲಿ ರೈಲ್ವೆ ನೇಮಕಾತಿ ಪರೀಕ್ಷೆ. ಒಬ್ಬ ಬಿಸಿ ಬಾಣಲೆಗೆ ಹೆಬ್ಬೆರಳು ಇಟ್ಟು, ಚರ್ಮ ಸುಲಿದು, ಅದನ್ನು ಗೆಳೆಯನ ಹೆಬ್ಬೆರಳಿಗೆ ಅಂಟಿಸಿ ತನ್ನ ಬದಲು ಕಳಿಸಿದ್ದ. ಓದುವಾಗಲೇ ನನ್ನ ಬೆರಳು ಉರಿಯಿತು. ಸಿಕ್ಕಿಬಿದ್ದದ್ದು ಹೇಗೆ? ಮೆಷಿನ್ ಮತ್ತೆ ಮತ್ತೆ ಬೇಡ ಅಂದಿತು, ಅದು ನಿಜ, ಆ ಮಟ್ಟಿಗೆ ಶಹಬ್ಬಾಸ್. ಆದರೆ ಆ ಗೆಳೆಯ ಎಡಗೈ ಬಚ್ಚಿಡುತ್ತಿದ್ದಾನೆ ಅಂತ ಗಮನಿಸಿ, ಬೆರಳಿಗೆ ಸ್ಯಾನಿಟೈಸರ್ ಹಾಕಿ ಚರ್ಮ ಕಳಚಿಸಿದ್ದು ಅಲ್ಲಿದ್ದ ಮೇಲ್ವಿಚಾರಕರು. ಚೀನಾದ ಹೆನಾನ್‌ನಲ್ಲಿ 2014ರ ಗಾವೊಕಾವೊ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಗೆ ಬೆರಳಿಗೆ ತೆಳು ಪೊರೆ ಅಂಟಿಸಿಕೊಂಡು ಬೇರೆಯವರ ಬದಲು ಕೂರಲು ಹೋದ ಹಗರಣ ಬಯಲಾಗಿತ್ತು. ದುಡ್ಡಿರುವ ಕಳ್ಳನಿಗೆ ಪೊರೆ ಸಿಗುತ್ತದೆ. ಸಿಮೆಂಟ್ ಕಲಸಿದ ಹುಡುಗನಿಗೆ ಸಿಗುವುದು "ಪಕ್ಕಕ್ಕೆ ನಿಂತ್ಕೋ".

ಮತ್ತೆ, ಶಾಲೆಯ ಪರೀಕ್ಷೆಯಲ್ಲಿ ಆ ಮಗು ಯಾರು ಅಂತ ವರ್ಷಪೂರ್ತಿ ಪಾಠ ಮಾಡಿದವರಿಗೆ ಗೊತ್ತಿರುವುದಿಲ್ಲವೇ? ಬೇರೆ ಕೇಂದ್ರ ಕೊಟ್ಟಿದ್ದರೆ ಆ ಶಾಲೆಯ ಒಬ್ಬರು ಗೇಟಿನಲ್ಲಿ ನಿಂತರೆ ಸಾಕು. ಮೂವತ್ತು ಹೆಜ್ಜೆ ದೂರದಿಂದ ನಡಿಗೆ ನೋಡಿಯೇ ಹೇಳುತ್ತಾರೆ. ಉಚಿತ ಸೇವೆ, ಚಾರ್ಜಿಂಗ್ ಬೇಡ.

ಇನ್ನು ಒಪ್ಪಿಗೆಯ ನಾಟಕ. ಫಾರ್ಮಿನಲ್ಲಿ ಟಿಕ್ ಹಾಕಿದ್ದೀರಲ್ಲ ಅಂತಾರೆ. ಹಾಕದಿದ್ದರೆ ಫಾರ್ಮ್ ಮುಂದಕ್ಕೇ ಹೋಗುವುದಿಲ್ಲ, ಅದು ಯಾವ ಸೀಮೆಯ ಒಪ್ಪಿಗೆ? ಸ್ವೀಡನ್ನಿನ ಶೆಲೆಫ್ಟಿಯೋದಲ್ಲಿ ಒಂದು ಶಾಲೆ 22 ಮಕ್ಕಳ ಹಾಜರಾತಿಯನ್ನು ಕ್ಯಾಮೆರಾದಿಂದ ಮುಖ ನೋಡಿ ತೆಗೆದುಕೊಂಡಿತು. ಪೋಷಕರ ಒಪ್ಪಿಗೆ ಇತ್ತು. ಆದರೂ 2019ರಲ್ಲಿ ಅಲ್ಲಿನ ದತ್ತಾಂಶ ರಕ್ಷಣಾ ಸಂಸ್ಥೆ 2 ಲಕ್ಷ ಕ್ರೋನಾ ದಂಡ ಹಾಕಿತು. ಶಾಲೆಯ ಮುಂದೆ ಮಗುವಿಗೆ ಇಲ್ಲ ಅನ್ನುವ ಶಕ್ತಿ ಎಲ್ಲಿದೆ, ಹಾಗಾಗಿ ಅದು ಒಪ್ಪಿಗೆಯೇ ಅಲ್ಲ ಅಂದಿತು. ಇಂಗ್ಲೆಂಡ್, ವೇಲ್ಸ್‌ನಲ್ಲಿ 2012ರ ಕಾನೂನು ಇನ್ನೂ ಚೆನ್ನಾಗಿದೆ. ಅಪ್ಪ ಅಮ್ಮ ಹೂಂ ಅಂದರೂ ಮಗು ಒಲ್ಲೆ ಅಂದರೆ ಶಾಲೆ ಬೆರಳಚ್ಚು ತೆಗೆಯುವಂತಿಲ್ಲ, ಬೇರೆ ದಾರಿ ಕೊಡಲೇಬೇಕು. ನಮ್ಮಲ್ಲೂ 2018ರ ಆಧಾರ್ ತೀರ್ಪಿನಲ್ಲಿ ಸಿಬಿಎಸ್ಇ, ನೀಟ್‌ನಂಥವಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಗೇಟಿನಲ್ಲಿ ತೀರ್ಪು ಓದಿ ಹೇಳುವ ಧೈರ್ಯ ಯಾವ ಮಗುವಿಗಿದೆ? ಹತ್ತು ನಿಮಿಷದಲ್ಲಿ ಗಂಟೆ ಹೊಡೆಯುತ್ತದೆ.

ನಾನು ತಂತ್ರಜ್ಞಾನದ ವಿರೋಧಿ ಅಂತ ಬರೆಯುವವರು ಸ್ವಲ್ಪ ತಡೆಯಿರಿ. 2024ರಲ್ಲಿ ಎಸ್ಎಸ್ಎಲ್‌ಸಿ ಪರೀಕ್ಷೆ ಕೊಠಡಿಗಳಲ್ಲಿ ಕ್ಯಾಮೆರಾ ಹಾಕಿ, ಒಳಗಿನ ದೃಶ್ಯ ಹೊರಗೆ ನೇರವಾಗಿ ಕಾಣುವಂತೆ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಜಾಸ್ತಿ ಮಾಡಿದ ಮೇಲೆ. ಅದು ನನಗೆ ಖುಷಿ ಕೊಡಲಿಲ್ಲ, ಹೊಟ್ಟೆಗೆ ಗುದ್ದಿದಂತಾಯಿತು. ಆದರೆ ಕ್ಯಾಮೆರಾಕ್ಕೆ ಒಂದು ಗುಣ ಇದೆ. ಮಗುವಿನ ಕಡೆ ತಿರುಗಿದಷ್ಟೇ ಮೇಷ್ಟ್ರ ಕಡೆಗೂ ತಿರುಗಿರುತ್ತದೆ. ಉತ್ತರ ಹೇಳಿಕೊಡುವ ನಮ್ಮವರ ಬಾಯಿಯೂ ಅದರಲ್ಲಿ ಕಾಣುತ್ತದೆ. ಬೆರಳಿನ ಮೆಷಿನ್‌ಗೆ ಕಾಣುವುದು ಸರತಿ ಸಾಲಿನಲ್ಲಿ ನಿಂತವರು ಮಾತ್ರ.

ಬೆರಳಿನ ಡಬ್ಬಿ ಇಡಲೇಬೇಕು ಅಂತ ಹಟ ಇದ್ದರೆ ಇಡಿ. ಆದರೆ ಮೆಷಿನ್ ಬೇಡ ಅಂದ ಮಗುವನ್ನು ಮೊದಲು ಒಳಗೆ ಕಳಿಸಿ, ಬರೆಯಲು ಬಿಡಿ. ಅನುಮಾನ ಇದ್ದರೆ ಪರೀಕ್ಷೆ ಮುಗಿದ ಮೇಲೆ ಕೂರಿಸಿ ನೋಡಿ, ಮಗು ಎಲ್ಲಿಗೂ ಓಡಿಹೋಗುವುದಿಲ್ಲ. ತಡವಾದದ್ದಕ್ಕೆ ಅಷ್ಟೇ ಸಮಯ ಕೊಡಿ. ಯಾವ ಕೇಂದ್ರದಲ್ಲಿ ಎಷ್ಟು ಮಕ್ಕಳಿಗೆ ಕೆಂಪು ಬಂತು, ಅವರಲ್ಲಿ ನಿಜವಾದ ನಕಲಿಗಳು ಎಷ್ಟು, ಆ ಲೆಕ್ಕವನ್ನು ಫಲಿತಾಂಶದ ಜೊತೆಗೇ ಹಾಕಿ. ತೆಗೆದ ಬೆರಳಚ್ಚನ್ನು ಯಾವತ್ತು ಅಳಿಸುತ್ತೀರಿ ಅಂತ ಹಾಲ್ ಟಿಕೆಟ್ ಮೇಲೆ ಬರೆಯಿರಿ. ಕಳುವಾದದ್ದು ಪಾಸ್‌ವರ್ಡ್ ಆದರೆ ಬದಲಾಯಿಸಿಕೊಳ್ಳಬಹುದು, ಬೆರಳನ್ನಲ್ಲ.

ಈ ಪೋಸ್ಟ್ ಓದುವವರಲ್ಲಿ ಬಂಡಲ್ ತಂದವರು, ಸೀಲು ಒಡೆದವರು, ಸ್ಟ್ರಾಂಗ್ ರೂಂ ಕೀಲಿ ಇಟ್ಟುಕೊಂಡವರು ಎಷ್ಟೋ ಜನ ಇದ್ದೀರಿ. ಕಾಮೆಂಟಿನಲ್ಲಿ ಜಗಳಕ್ಕೆ ಬರುವ ಮುಂಚೆ ಇದೊಂದನ್ನು ಹೇಳಿ: ಆ ಕೀಲಿ ಕೊಡುವಾಗ ಯಾರಾದರೂ ನಿಮ್ಮ ಹೆಬ್ಬೆರಳು ಒತ್ತಿಸಿಕೊಂಡರಾ?