ತೇವದ ಗೋಡೆಗೆ ಬಣ್ಣ ಮದ್ದಲ್ಲ: ಒಂದು ಸ್ಪಷ್ಟನೆ

“ಮುರಕಲ್ಲಿನ ಗೋಡೆಯ ಬುಡ ಒದ್ದೆಯಾದರೆ ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಎರಡು ಕೋಟ್ ಬಳಿಯಿರಿ, ತೇವ ಶಾಶ್ವತವಾಗಿ ಹೋಗುತ್ತದೆ” ಎಂಬ ಸಂದೇಶ ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ದಯವಿಟ್ಟು ಇದನ್ನು ನಂಬಿ ಹಣ ಸುರಿಯಬೇಡಿ.

ಮುರಕಲ್ಲಿನ ತುಂಬ ಸಣ್ಣ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಒಳಮುಖಕ್ಕೆ ಬಣ್ಣ ಬಳಿದರೆ ಆ ನೀರು ಆರುವ ದಾರಿ ಮುಚ್ಚುತ್ತದೆ, ತೇವ ಇನ್ನೂ ಮೇಲಕ್ಕೇರುತ್ತದೆ. ನಮ್ಮ ಮನೆಯಲ್ಲೇ ಹೀಗಾಯಿತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಉಗುರಿನಿಂದ ಕೆರೆದರೆ ಒಳಗೆ ಬಿಳಿ ಉಪ್ಪಿನ ಹುಡಿ.

ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಊರಿದು. ಮೊದಲು ಹೊರಗೆ ನೋಡಿ. ಇಂಟರ್‌ಲಾಕ್ ಹಾಸುವಾಗ ಅಂಗಳಕ್ಕೆ ಮಣ್ಣು ಏರಿಸಿ ಪಂಚಾಂಗವನ್ನೇ (ಗೋಡೆಯ ಅಡಿಪಾಯದಲ್ಲಿ ನೆಲದಿಂದ ಮೇಲೆ ಕಾಣುವ ಭಾಗ) ಮುಚ್ಚಿದ್ದಾರೆಯೇ? ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ? ಇವೆರಡನ್ನು ಸರಿಪಡಿಸದೆ ಬೇರೇನು ಮಾಡಿದರೂ ವ್ಯರ್ಥ. ಹೊಸ ಮನೆಯಾದರೆ ಪಂಚಾಂಗದ ಮೇಲೆ ಹಾಕುವ, ತೇವ ಏರದಂತೆ ತಡೆಯುವ ಡಿಪಿಸಿ ಪದರವನ್ನು ಬಿಡಲೇಬಾರದು.

ನೆಲ ಒದ್ದೆಯಾಗುವುದು ಯಾವಾಗಲೂ ಕೆಳಗಿನ ನೀರಿನಿಂದಲೇ ಅಲ್ಲ ಎಂಬುದನ್ನೂ ಹೇಳಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಹನಿ ಹಾಳೆಯ ಅಡಿಯಲ್ಲಿದ್ದರೆ ನೀರು ಮಣ್ಣಿನದು, ಮೇಲಿದ್ದರೆ ಗಾಳಿಯದು. ಗಾಳಿಯದೇ ಆದರೆ, ಜಡಿಮಳೆಯಲ್ಲಿ ಕಿಟಕಿ ತೆರೆದಿಟ್ಟು ನೆಲ ಒಣಗಿಸಲು ಹೊರಟಷ್ಟೂ ತೇವ ಹೆಚ್ಚುತ್ತದೆ.