ಹತ್ತು ಹಾಡು, ಒಬ್ಬ ಒಬ್ಬಂಟಿ: ಪೆಟ್ ಶಾಪ್ ಬಾಯ್ಸ್‌ನ ‘ನನ್‌ದಲೆಸ್’ ಕೇಳಿದ ಮೇಲೆ

2024ರ ಫೆಬ್ರವರಿಯ ಮೊದಲ ಭಾನುವಾರ ನಾನು ಅಡುಗೆಮನೆಯಲ್ಲಿ ಕುಳಿತು ನೆನೆಹಾಕಿದ ಅವರೆಕಾಳು ಹಿತಕುತ್ತಿದ್ದೆ. ನಾಲ್ಕು ದಿನ ಹಿಂದಷ್ಟೇ, ಅಂದರೆ ಜನವರಿ 31ರಂದು, ಬ್ರಿಟನ್ನಿನ ಪಾಪ್ ಜೋಡಿ ಪೆಟ್ ಶಾಪ್ ಬಾಯ್ಸ್‌ನ ಹೊಸ ಹಾಡು ‘ಲೋನ್ಲಿನೆಸ್’ ಬಿಡುಗಡೆಯಾಗಿತ್ತು. ಅದನ್ನು ಫೋನಿನಲ್ಲಿ ಹಾಕಿ, ಫೋನನ್ನು ಒಂದು ಖಾಲಿ ಲೋಟದೊಳಗೆ ನಿಲ್ಲಿಸಿದ್ದೆ. ಹಾಡಿನ ತಾಳಕ್ಕೆ ಅರಿವಿಲ್ಲದೆ ನನ್ನ ಹೆಬ್ಬೆರಳು ಕಾಳನ್ನು ಚಿಮ್ಮಿಸುತ್ತಿತ್ತು. ಎದುರಿಗೆ ಕುಳಿತು ಸಿಪ್ಪೆ ಬೇರ್ಪಡಿಸುತ್ತಿದ್ದ ಮಗಳು ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, “ಅಪ್ಪಾ, ಇದು ಬೇಜಾರಿನ ಹಾಡಲ್ವಾ? ಮತ್ತೆ ಯಾಕೆ ಕುಣಿಯೋ ಥರ ಇದೆ?” ಎಂದಳು. ಈ ಜೋಡಿಯ ನಲವತ್ತು ವರ್ಷಗಳ ಕೆಲಸದ ಬಗ್ಗೆ ಕೇಳಬಹುದಾದ ಅತ್ಯಂತ ಸರಿಯಾದ ಪ್ರಶ್ನೆ ಅದು. ಅದೇ ವರ್ಷ ಏಪ್ರಿಲ್ 26ಕ್ಕೆ ಹೊರಬಂದ ‘ನನ್‌ದಲೆಸ್’ ಆಲ್ಬಮನ್ನು ಪೂರ್ತಿ ಕೇಳುವಾಗಲೂ ನಾನು ಆ ಪ್ರಶ್ನೆಯನ್ನೇ ಕೈಯಲ್ಲಿ ಹಿಡಿದುಕೊಂಡಿದ್ದೆ.

ಹಿನ್ನೆಲೆ ತಿಳಿಯದವರಿಗಾಗಿ ಎರಡು ಮಾತು. ನೀಲ್ ಟೆನಂಟ್ ಮತ್ತು ಕ್ರಿಸ್ ಲೋ 1981ರಲ್ಲಿ ಲಂಡನ್ನಿನ ಕಿಂಗ್ಸ್ ರಸ್ತೆಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಅಕಸ್ಮಾತ್ತಾಗಿ ಭೇಟಿಯಾದವರು. ಟೆನಂಟ್ ‘ಸ್ಮ್ಯಾಶ್ ಹಿಟ್ಸ್’ ಎಂಬ ಪಾಪ್ ಪತ್ರಿಕೆಯಲ್ಲಿ ಕೆಲಸ ಮಾಡಿದವರು. ಲೋ ವಾಸ್ತುಶಿಲ್ಪ ಓದಿದವರು. 1986ರ ಜನವರಿಯಲ್ಲಿ ‘ವೆಸ್ಟ್ ಎಂಡ್ ಗರ್ಲ್ಸ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಮೇಲೆ ಅವರು ಹಿಂದಿರುಗಿ ನೋಡಲಿಲ್ಲ. ‘ನನ್‌ದಲೆಸ್’ ಅವರ ಹದಿನೈದನೆಯ ಸ್ಟುಡಿಯೋ ಆಲ್ಬಮ್. ಹದಿನೈದಕ್ಕೂ ಒಂದೊಂದೇ ಪದದ ಹೆಸರಿಡುವ ಹಟವನ್ನು ಅವರು ಬಿಟ್ಟಿಲ್ಲ. ಈ ಸಲದ ಪದವನ್ನು ಕನ್ನಡದಲ್ಲಿ ‘ಆದಾಗ್ಯೂ’ ಎನ್ನಬಹುದು. ನಮ್ಮಲ್ಲಿ ಸರ್ಕಾರಿ ಸುತ್ತೋಲೆಗಳಲ್ಲಿ ಮಾತ್ರ ಉಳಿದಿರುವ ಆ ಪದಕ್ಕೆ ಇಷ್ಟು ಭಾವನೆ ಇದ್ದೀತು ಎಂದು ನಾನು ಎಣಿಸಿರಲಿಲ್ಲ.

ಹಿಂದಿನ ಮೂರು ಆಲ್ಬಮ್‌ಗಳನ್ನು ನಿರ್ಮಿಸಿದವರು ಸ್ಟೂವರ್ಟ್ ಪ್ರೈಸ್. ಅವು ಕ್ಲಬ್ಬಿನ ನೆಲ ಅದುರಿಸುವ ಜಾತಿಯವು. ಈ ಬಾರಿ ಆ ಜಾಗಕ್ಕೆ ಆರ್ಕ್ಟಿಕ್ ಮಂಕೀಸ್, ಬ್ಲರ್, ಡಿಪೆಶ್ ಮೋಡ್ ತಂಡಗಳ ಜೊತೆ ಕೆಲಸ ಮಾಡಿದ ಜೇಮ್ಸ್ ಫೋರ್ಡ್ ಬಂದಿದ್ದಾರೆ. ಅವರ ಜೊತೆಗೆ ಆರ್ಕೆಸ್ಟ್ರಾ ಕೂಡ ಬಂದಿದೆ. ಆರ್ಕೆಸ್ಟ್ರಾ ಎಂದೊಡನೆ ಗಣೇಶೋತ್ಸವದ ಪೆಂಡಾಲಿನ ರಸಮಂಜರಿ ನೆನಪಾಗುವುದು ಸಹಜ, ಆದರೆ ನಾನು ಹೇಳುತ್ತಿರುವುದು ಸಾಲಾಗಿ ಕುಳಿತ ಪಿಟೀಲು, ಚೆಲ್ಲೋ, ತುತ್ತೂರಿಗಳ ಮೇಳವನ್ನು. ಸಿಂಥಸೈಜರ್ ಇದ್ದಲ್ಲೇ ಇದೆ, ಡ್ರಮ್ ಮಷೀನ್ ಕೂಡ ಇದೆ. ಆದರೆ ಎಲ್ಲದರ ಬೆನ್ನ ಹಿಂದೆ ತಂತಿವಾದ್ಯಗಳು ಉಸಿರಾಡುತ್ತಿರುತ್ತವೆ.

ಆ ಉಸಿರು ಮೊದಲ ಹಾಡಿನಲ್ಲಿಯೇ ತಿಳಿಯುತ್ತದೆ. ‘ಲೋನ್ಲಿನೆಸ್’ ಮೇಲ್ನೋಟಕ್ಕೆ ಭರ್ಜರಿ ಡಿಸ್ಕೋ. ಆದರೆ ಹಾಡುವವನು ತನ್ನ ದುಃಖ ತೋಡಿಕೊಳ್ಳುತ್ತಿಲ್ಲ. ಮನೆಯ ಬಾಗಿಲು ತೆರೆಯದ ಸ್ನೇಹಿತನೊಬ್ಬನನ್ನು ಸ್ವಲ್ಪ ಗದರಿಸುವ ದನಿಯಲ್ಲಿ ವಿಚಾರಿಸಿಕೊಳ್ಳುತ್ತಿದ್ದಾನೆ. ನಡುವೆ, ಕಾಲುವೆಯ ದಂಡೆಯಲ್ಲಿ ತಲೆತಗ್ಗಿಸಿ ನಡೆಯುವ ಬೀಟಲ್ಸ್ ತಂಡದ ರಿಂಗೋನ ಚಿತ್ರವೊಂದು ಹಾದುಹೋಗುತ್ತದೆ. ಲಾಕ್‌ಡೌನ್ ಕಾಲದಲ್ಲಿ ಬರೆದ ಹಾಡುಗಳ ಆಲ್ಬಮ್ ಇದು ಎಂಬುದನ್ನು ನೆನಪಿಟ್ಟುಕೊಂಡು ಕೇಳಿದರೆ, ಒಬ್ಬಂಟಿತನವನ್ನು ರೋಗವೆಂದಾಗಲಿ ವೈಭವವೆಂದಾಗಲಿ ನೋಡದೆ, ಪಕ್ಕದ ಮನೆಯವರು ಕದ ತಟ್ಟುವ ಹಾಗೆ ತಟ್ಟುವ ಈ ರೀತಿ ಇನ್ನಷ್ಟು ಇಷ್ಟವಾಗುತ್ತದೆ.

ಎರಡನೆಯ ‘ಫೀಲ್’ ಸುಖವಾದ, ತೇಲುವ ಪ್ರೇಮಗೀತೆ. ಅದರ ರಾಗ ಚೆನ್ನಾಗಿದೆ, ಎರಡು ದಿನ ಬಾಯಲ್ಲಿ ಗುನುಗುತ್ತಿರುತ್ತದೆ, ಮೂರನೆಯ ದಿನ ಮರೆಯುತ್ತದೆ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾದೀತು.

ಮೂರನೆಯದರ ಹೆಸರೇ ಪ್ರಶ್ನೆ: ‘ವೈ ಆ್ಯಮ್ ಐ ಡ್ಯಾನ್ಸಿಂಗ್?’ ರಾಜರ ಸವಾರಿ ಬರುವಾಗ ಊದುವಂಥ ತುತ್ತೂರಿಯ ಅಬ್ಬರದಿಂದ ಹಾಡು ಶುರುವಾಗುತ್ತದೆ. ಪರದೆ ಸರಿದರೆ ಕಾಣುವುದು ಮಾತ್ರ ಒಂದು ಕೋಣೆಯಲ್ಲಿ ಒಬ್ಬನೇ ಕುಣಿಯುತ್ತಿರುವ ಮನುಷ್ಯ. ಒಬ್ಬನೇ ಇದ್ದೂ ಯಾಕೆ ಕುಣಿಯುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುವ ಅವನಿಗೆ ಉತ್ತರ ಸಿಗುವುದಿಲ್ಲ, ಕುಣಿತವೂ ನಿಲ್ಲುವುದಿಲ್ಲ. ನನ್ನ ಮಗಳ ಪ್ರಶ್ನೆಯನ್ನು ಇವರೂ ತಮಗೆ ತಾವೇ ಹಾಕಿಕೊಂಡಿದ್ದಾರೆ ಎಂದು ತಿಳಿದಾಗ ನಗು ಬಂತು. ತುತ್ತೂರಿಯ ಅಬ್ಬರಕ್ಕೂ ಆ ಸಣ್ಣ ಕೋಣೆಗೂ ಇರುವ ಅಂತರವೇ ಈ ಹಾಡಿನ ಹಾಸ್ಯ. ಅದರ ಹಿಂದೆ ಒಂದಿಷ್ಟು ಭಯವೂ ಇದೆ.

ನಾಲ್ಕು, ಐದು, ಆರನೆಯ ಹಾಡುಗಳು ಈ ಆಲ್ಬಮಿನ ತಿರುಳು. ‘ನ್ಯೂ ಲಂಡನ್ ಬಾಯ್’ ಟೆನಂಟ್ ಅವರ ಆತ್ಮಕಥೆಯ ಒಂದು ಪುಟ. ನ್ಯೂಕಾಸಲ್ ಕಡೆಯ ಹುಡುಗ 1972ರಲ್ಲಿ ಇತಿಹಾಸ ಓದಲೆಂದು ಲಂಡನ್ನಿಗೆ ಬರುತ್ತಾನೆ. ಅದು ಗ್ಲ್ಯಾಮ್ ರಾಕ್‌ನ ಕಾಲ. ಗಂಡಸರು ಕಣ್ಣಿಗೆ ಕಾಡಿಗೆ ಹಚ್ಚಿ ವೇದಿಕೆ ಹತ್ತುತ್ತಿದ್ದ, ಅದೇ ಬೀದಿಗಳಲ್ಲಿ ತಲೆ ಬೋಳಿಸಿಕೊಂಡ ಪುಂಡರು ಅಂಥವರನ್ನು ಹುಡುಕಿ ಹೊಡೆಯುತ್ತಿದ್ದ ಕಾಲ. ಹುಡುಗನಿಗೆ ತಾನು ಯಾರೆಂದು ಇನ್ನೂ ಖಚಿತವಾಗಿಲ್ಲ; ಬಟ್ಟೆಯಲ್ಲಿ, ಕೂದಲಲ್ಲಿ, ನಡಿಗೆಯಲ್ಲಿ ಅದನ್ನು ಹುಡುಕುತ್ತಿದ್ದಾನೆ. ನಡುವೆ ಟೆನಂಟ್ ಹಾಡುವುದನ್ನು ಬಿಟ್ಟು ‘ವೆಸ್ಟ್ ಎಂಡ್ ಗರ್ಲ್ಸ್’ನಲ್ಲಿ ಮಾಡಿದಂತೆ ಲಯಬದ್ಧವಾಗಿ ಮಾತಾಡತೊಡಗುತ್ತಾರೆ. ಆ ಪುಂಡರು ಅವನನ್ನು ಹಂಗಿಸಿದಾಗ, ಚೀಲದಲ್ಲೊಂದು ಇಟ್ಟಿಗೆ ಇರುವುದರಿಂದ ಕೊನೆಯ ನಗು ಅವನದೇ ಎಂಬ ಮಾತು ಅಲ್ಲಿ ಬರುತ್ತದೆ. ಎಪ್ಪತ್ತರ ಹತ್ತಿರ ಬಂದ ಗಾಯಕ ಹದಿನೆಂಟರ ತನ್ನನ್ನು ಕುರಿತು ಹಾಡುವಾಗ ಕಣ್ಣೀರು ಸುರಿಸುವುದು ಸುಲಭವಿತ್ತು; ಇಲ್ಲಿ ಸಿಗುವುದು ಆ ಇಟ್ಟಿಗೆ. ನಾನು 1991ರಲ್ಲಿ ಹಾಸನದಿಂದ ಬೆಂಗಳೂರಿಗೆ ಬಂದು, ಹಾಸ್ಟೆಲ್ಲಿನ ಕೋಣೆಯಲ್ಲಿ ಜೊತೆಗಾರನ ‘ಬಿಹೇವಿಯರ್’ ಧ್ವನಿಸುರುಳಿಯ ಮೂಲಕ ಇವರನ್ನು ಮೊದಲು ಕೇಳಿದವನು. ಮೆಜೆಸ್ಟಿಕ್ಕಿನಲ್ಲಿ ಇಳಿದ ದಿನ ನನ್ನ ಚೀಲದಲ್ಲಿ ಇಟ್ಟಿಗೆ ಇರಲಿಲ್ಲ, ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಇತ್ತು. ಆದರೂ ಹೊಸ ಊರಿನಲ್ಲಿ ತನ್ನ ನಡಿಗೆಯನ್ನೇ ಅನುಮಾನಿಸಿಕೊಂಡು ನಡೆದ ಯಾರಿಗೂ ಈ ಹಾಡು ಪರಕೀಯವೆನಿಸದು.

‘ಡ್ಯಾನ್ಸಿಂಗ್ ಸ್ಟಾರ್’ ಬ್ಯಾಲೆ ನರ್ತಕ ರುಡಾಲ್ಫ್ ನುರೇಯೆವ್ ಅವರ ಕಥೆ. ಸೈಬೀರಿಯಾದಲ್ಲಿ ಓಡುತ್ತಿದ್ದ ರೈಲಿನಲ್ಲಿ 1938ರಲ್ಲಿ ಹುಟ್ಟಿದವರು, ಲೆನಿನ್‌ಗ್ರಾಡ್‌ನ ಕಿರೋವ್ ತಂಡದ ತಾರೆಯಾದವರು. 1961ರ ಜೂನ್ 16ರಂದು ಪ್ಯಾರಿಸ್ಸಿನ ಲೆ ಬೂರ್ಜೆ ವಿಮಾನ ನಿಲ್ದಾಣದಲ್ಲಿ, ತಮ್ಮನ್ನು ಮಾಸ್ಕೋಗೆ ವಾಪಸು ಕಳಿಸಲು ಹೊರಟಿದ್ದ ಸೋವಿಯತ್ ಕಾವಲುಗಾರರ ಕಣ್ಣೆದುರೇ ಫ್ರೆಂಚ್ ಪೊಲೀಸರತ್ತ ಸರಿದು ಆಶ್ರಯ ಕೇಳಿದವರು. 1993ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಇಷ್ಟು ಭಾರದ ಬದುಕನ್ನು ಹೊತ್ತ ಹಾಡಿಗೆ ಫೋರ್ಡ್ ಮತ್ತು ಲೋ ಹಾಕಿರುವುದು ಎಂಬತ್ತರ ದಶಕದ ಆರಂಭದ ನ್ಯೂಯಾರ್ಕ್ ಕ್ಲಬ್ಬುಗಳನ್ನು ನೆನಪಿಸುವ, ಹತ್ತಿಯಷ್ಟು ಹಗುರವಾದ ಬೀಟು. ಮೊದಲ ಸಲ ಕೇಳಿದಾಗ ಇದು ತೀರ ಹಗುರವಾಯಿತೇನೋ ಎನಿಸಿತ್ತು. ಹೆಡ್‌ಫೋನ್ ಹಾಕಿಕೊಂಡು ಎರಡನೆಯ ಸಲ ಕೇಳಿದಾಗ ಕೆಳಗಿನ ಬೇಸ್, ಅಂದರೆ ಮಂದ್ರ ಸ್ವರಗಳ ಸಾಲು, ಕಿವಿಗೆ ಬಿತ್ತು: ಅದು ಎಲ್ಲಿಯೂ ನೆಲದ ಮೇಲೆ ಪೂರ್ತಿ ಕಾಲೂರುವುದಿಲ್ಲ, ತಾಗಿದೊಡನೆ ಪುಟಿಯುತ್ತದೆ. ಜಿಗಿತಕ್ಕೇ ಹೆಸರಾದ ನರ್ತಕನನ್ನು ಮಾತಿನಲ್ಲಿ ಹೊಗಳುವುದಕ್ಕಿಂತ ಬೇಸ್‌ನಲ್ಲಿ ಪುಟಿಸುವುದು ಮೇಲು. ಸಾವಿನ ಪ್ರಸ್ತಾಪ ಮಾಡದೆ ಆ ಮನುಷ್ಯನನ್ನು ಗಾಳಿಯಲ್ಲಿಯೇ ಬಿಟ್ಟಿರುವುದು ಬಹಳ ಯೋಚಿಸಿ ಮಾಡಿದ ಆಯ್ಕೆ ಎಂದು ನನ್ನ ನಂಬಿಕೆ.

ನಂತರ ‘ಎ ನ್ಯೂ ಬೊಹೀಮಿಯಾ’. ನನ್ನ ಮಟ್ಟಿಗೆ ಇದು ಇವರ ಕಳೆದ ಇಪ್ಪತ್ತು ವರ್ಷಗಳ ಅತ್ಯುತ್ತಮ ಹಾಡು. ವಯಸ್ಸಾದ ಕಲಾವಿದನೊಬ್ಬ ಯುವಕರ ಬಡಾವಣೆಯಲ್ಲಿ ನಡೆದು ಹೋಗುತ್ತಿದ್ದಾನೆ. ಯಾರೂ ಅವನ ಗುರುತು ಹಿಡಿಯುವುದಿಲ್ಲ. ಅರುವತ್ತರ ದಶಕದ ಹಾಲಿವುಡ್‌ನಲ್ಲಿ ಮೂಕಿ ಚಿತ್ರಗಳ ಹಳೆಯ ತಾರೆಯರನ್ನು ಯಾರೂ ಗುರುತಿಸದಿದ್ದಂತೆ ಎಂಬ ಹೋಲಿಕೆ ಬರುವಾಗ ತಂತಿವಾದ್ಯಗಳು ಮೆಲ್ಲಗೆ ಏರುತ್ತವೆ. ಎಪ್ಪತ್ತರ ದಶಕದ ಲಾಸ್ ಏಂಜಲಿಸ್‌ನ ‘ಲೆ ಪೆತಿತ್ ಬೋಂಬೋಂ’ ಎಂಬ ಕಲಾವಿದರ ಗುಂಪು ಈಗೆಲ್ಲಿ ಎಂದು ಅವನು ಕೇಳುತ್ತಾನೆ. ಅಂಥ ಗುಂಪೊಂದಿತ್ತೆಂದು ಗೊತ್ತಿರುವವರೇ ಕಡಿಮೆ; ಆ ಹೆಸರು ಕೇಳುಗನಿಗೆ ತಿಳಿಯದಿರುವುದರಲ್ಲಿಯೇ ಹಾಡಿನ ನೋವು ಇದೆ. ಇಲ್ಲಿ ಟೆನಂಟ್ ಅವರ ಉಚ್ಚಾರಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಪ್ರತಿ ವ್ಯಂಜನವನ್ನೂ ಆಕಾಶವಾಣಿಯ ವಾರ್ತಾವಾಚಕರ ಹಾಗೆ ಬಿಡಿಸಿ ಹೇಳುತ್ತಾರೆ. ದನಿಯನ್ನು ಎಲ್ಲಿಯೂ ನಡುಗಿಸುವುದಿಲ್ಲ. ಬೇರೆ ಗಾಯಕನಾಗಿದ್ದರೆ ಆ ಏರುವ ಪಿಟೀಲಿನ ಜೊತೆ ತಾನೂ ಏರಿ ಗಂಟಲು ಬಿಗಿ ಹಿಡಿಯುತ್ತಿದ್ದ. ಇವರು ಸುಮ್ಮನೆ ವಾಕ್ಯ ಮುಗಿಸುತ್ತಾರೆ, ಗಂಟಲು ಬಿಗಿಯುವುದು ನಮ್ಮದು.

ಇಷ್ಟಾದ ಮೇಲೆ ‘ದ ಶ್ಲಾಗರ್ ಹಿಟ್ ಪರೇಡ್’ ಬರುವುದು, ಊಟದ ನಡುವೆ ಯಾರೋ ಟಿ.ವಿ. ಹಾಕಿದ ಹಾಗೆ. ಶ್ಲಾಗರ್ ಎಂದರೆ ಜರ್ಮನಿಯ ಜನಪ್ರಿಯ ಲಘುಗೀತೆಗಳು: ಸುಲಭ ರಾಗ, ಚಪ್ಪಾಳೆಯ ತಾಳ, ಎಂದೆಂದೂ ಬಿಸಿಲಿರುವ ಲೋಕ. ಹಿಂದಿನ ಆಲ್ಬಮ್ ‘ಹಾಟ್‌ಸ್ಪಾಟ್’ ಅನ್ನು ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ಮುದ್ರಿಸಿಕೊಂಡ ಈ ಜೋಡಿಗೆ ಜರ್ಮನಿ ಹೊಸದೇನಲ್ಲ. ಯುದ್ಧಾನಂತರದ ಒಂದು ಸಮಾಜ ತನ್ನ ಇತಿಹಾಸವನ್ನು ಮರೆಯಲು ಇಂಥ ನಗುಮುಖದ ಹಾಡುಗಳನ್ನು ಹೊದ್ದುಕೊಂಡಿತು ಎಂಬ ವ್ಯಂಗ್ಯ ಒಳಗಿದೆ. ಆಲೋಚನೆ ಒಳ್ಳೆಯದೇ. ತೊಂದರೆ ಏನೆಂದರೆ, ಅಣಕಿಸಲು ಹೊರಟ ಹಾಡು ಕೊನೆಗೆ ಅಣಕಿಸಿದ್ದರ ಹಾಗೆಯೇ ಕೇಳಿಸತೊಡಗುತ್ತದೆ. ಮೂರನೆಯ ಪಲ್ಲವಿಯ ಹೊತ್ತಿಗೆ ವ್ಯಂಗ್ಯ ಇಳಿದು ಚಪ್ಪಾಳೆ ಮಾತ್ರ ಉಳಿದಿರುತ್ತದೆ. ಅಭಿಮಾನಿಗಳಲ್ಲಿ ಕೆಲವರಿಗೆ ಇದು ಬಲು ಪ್ರೀತಿ. ಇರಲಿ, ನನಗೆ ದಾಟಿಸುವ ಗುಂಡಿ ಇದೆ.

‘ದ ಸೀಕ್ರೆಟ್ ಆಫ್ ಹ್ಯಾಪಿನೆಸ್’ ಬ್ರೆಜಿಲಿನ ಬೊಸಾ ನೋವಾದ ತಂಗಾಳಿಯನ್ನೂ ಅರುವತ್ತರ ದಶಕದ ಚಿತ್ರಸಂಗೀತದ ಪಿಟೀಲುಗಳನ್ನೂ ಸೇರಿಸಿ ಮಾಡಿದ ಹಾಡು. ಆರ್ಕೆಸ್ಟ್ರಾವನ್ನು ಕರೆಸಿದ್ದು ಸಾರ್ಥಕವಾಯಿತು ಎನಿಸುವ ಕಡೆಗಳಲ್ಲಿ ಇದೂ ಒಂದು. ಡ್ಯಾನ್ಸ್ ಪಾಪ್ ಎಂದು ಇದನ್ನು ಕರೆಯಲು ಸಾಧ್ಯವಿಲ್ಲ, ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೇಳುವಂಥದ್ದು. ಮಾತುಗಳು ಮಾತ್ರ ಸಪ್ಪೆ. ಸುಖದ ಗುಟ್ಟು ಹೇಳುತ್ತೇನೆಂದು ಹೊರಟ ಯಾರ ಮಾತೂ ಸಪ್ಪೆಯಾಗುವುದು ಇದ್ದದ್ದೇ.

ಒಂಬತ್ತನೆಯ ‘ಬುಲೆಟ್ ಫಾರ್ ನಾರ್ಸಿಸಸ್’ ಆಲ್ಬಮಿನ ಅತ್ಯಂತ ಚುರುಕಿನ ಹಾಡು. ಗ್ರೀಕ್ ಪುರಾಣದ ನಾರ್ಸಿಸಸ್ ನೀರಿನಲ್ಲಿ ತನ್ನ ಬಿಂಬವನ್ನೇ ಕಂಡು ಮೋಹಿಸಿದವನು. ಇಲ್ಲಿ ಆ ಹೆಸರು ಹೊತ್ತಿರುವುದು ಒಬ್ಬ ರಾಜಕಾರಣಿ. ಹಾಡುತ್ತಿರುವವನು ಅವನ ಅಂಗರಕ್ಷಕ. ತನಗೆ ಹೇಸಿಗೆ ಹುಟ್ಟಿಸುವ ಮನುಷ್ಯನಿಗಾಗಿ ಗುಂಡಿಗೆ ಎದೆಯೊಡ್ಡಬೇಕಾದ ನೌಕರಿ ಅವನದು. ಡೊನಾಲ್ಡ್ ಟ್ರಂಪ್ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದೆಂಬುದು ಗುಟ್ಟೇನಲ್ಲ. ಆಲ್ಬಮ್ ಬಂದು ಮೂರು ತಿಂಗಳು ತುಂಬುವ ಮೊದಲೇ, 2024ರ ಜುಲೈ 13ರಂದು, ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ನಡೆದ ಸಭೆಯಲ್ಲಿ ಟ್ರಂಪ್ ಅವರ ಕಿವಿಗೆ ಗುಂಡು ತಾಗಿತು. ಅಂಗರಕ್ಷಕರು ಅವರ ಮೇಲೆ ಬಿದ್ದು ಮೈಯೊಡ್ಡಿದ ದೃಶ್ಯವನ್ನು ಲೋಕವೇ ಕಂಡಿತು. ಅಂದಿನ ನಂತರ ಈ ಹಾಡಿನ ವಿನೋದ ನನಗೆ ಮೊದಲಿನಂತೆ ಸಲೀಸಾಗಿ ಒಳಗಿಳಿಯುತ್ತಿಲ್ಲ. ಆದರೆ ಹಾಡಿನ ಕಣ್ಣಿರುವುದು ನಾಯಕನ ಮೇಲಲ್ಲ, ಸಂಬಳಕ್ಕಾಗಿ ನಿಂತವನ ಮೇಲೆ. ಮೇಲಧಿಕಾರಿಯನ್ನು ಮನಸ್ಸಿನಲ್ಲೇ ಶಪಿಸುತ್ತ ಕಡತ ಹೊತ್ತು ಅವರ ಹಿಂದೆ ನಡೆದವರಿಗೆ ಅವನ ಕಷ್ಟ ಅರ್ಥವಾಗುತ್ತದೆ.

ಕೊನೆಯದು ‘ಲವ್ ಈಸ್ ದ ಲಾ’. ನಿಧಾನವಾದ, ನಾಟಕದ ಕೊನೆಯ ದೃಶ್ಯಕ್ಕೆ ಹೊಂದುವಂಥ ಹಾಡು. ಜೈಲಿನಿಂದ ಬಿಡುಗಡೆಯಾಗಿ ಫ್ರಾನ್ಸಿನಲ್ಲಿ ದಿನ ನೂಕಿದ ಲೇಖಕ ಆಸ್ಕರ್ ವೈಲ್ಡ್‌ನ ನೆರಳು ಇದರ ಮೇಲಿದೆ. ಪ್ರೇಮ, ದುಡ್ಡು, ದೇಹ ಇವುಗಳ ವ್ಯಾಪಾರವನ್ನು ಕಾಫಿ ಹೋಟೆಲಿನ ಮೂಲೆಯ ಮೇಜಿನಿಂದ ನೋಡುತ್ತಿರುವವನ ದನಿ ಅದು. ಬರವಣಿಗೆಗೆ ಧೈರ್ಯವಿದೆ. ಆದರೆ ಶೀರ್ಷಿಕೆಯ ಸಾಲನ್ನು ಘೋಷಣೆಯಂತೆ ಮತ್ತೆ ಮತ್ತೆ ಹೇಳುವುದರಿಂದ ಆ ಮೂಲೆಯ ಮೇಜಿನವನು ಮರೆಯಾಗುತ್ತಾನೆ. ನುರೇಯೆವ್, ಲಂಡನ್ನಿನ ಹುಡುಗ, ಗುರುತು ಸಿಗದ ಕಲಾವಿದ, ಅಂಗರಕ್ಷಕ, ಹೀಗೆ ಒಬ್ಬ ನಿರ್ದಿಷ್ಟ ಮನುಷ್ಯನನ್ನು ಹಿಡಿದು ನಿಲ್ಲಿಸಿದಾಗಲೆಲ್ಲ ಗೆದ್ದ ಆಲ್ಬಮ್, ಕೊನೆಗೆ ಪ್ರೇಮ ಎಂಬ ಅಮೂರ್ತದ ಕೈಗೆ ಬೀಗದ ಕೈ ಕೊಟ್ಟು ಹೊರಟಿದೆ. ಪಿಟೀಲುಗಳು ಅದನ್ನು ಸಾಕಷ್ಟು ಮಟ್ಟಿಗೆ ಕಾಪಾಡುತ್ತವೆ, ಪೂರ್ತಿ ಅಲ್ಲ.

ಬಿಡುಗಡೆಯಾದ ವಾರ ಬ್ರಿಟನ್ನಿನ ಪಟ್ಟಿಯಲ್ಲಿ ಇದು ಎರಡನೆಯ ಸ್ಥಾನಕ್ಕೆ ಬಂತು. ಮೊದಲನೆಯದರಲ್ಲಿ ಟೇಲರ್ ಸ್ವಿಫ್ಟ್ ಇದ್ದರು. 1993ರ ‘ವೆರಿ’ಯ ನಂತರ ಇವರ ಆಲ್ಬಮ್ ಮೊದಲ ಸ್ಥಾನ ಕಂಡಿಲ್ಲ ಎಂಬುದು ಅಭಿಮಾನಿಗಳ ಹಳೆಯ ಕೊರಗು. ನಾನು ಮಾತ್ರ ನನ್ನ ಫೋನಿನಲ್ಲಿ ಹಾಡುಗಳ ಕ್ರಮವನ್ನು ಸ್ವಲ್ಪ ಬದಲಿಸಿಕೊಂಡಿದ್ದೇನೆ. ಶ್ಲಾಗರನ್ನು ತೆಗೆದಿದ್ದೇನೆ, ‘ಲವ್ ಈಸ್ ದ ಲಾ’ವನ್ನು ಐದನೆಯದರ ಪಕ್ಕಕ್ಕೆ ತಂದಿದ್ದೇನೆ, ‘ಎ ನ್ಯೂ ಬೊಹೀಮಿಯಾ’ವನ್ನು ಎಲ್ಲಕ್ಕೂ ಕೊನೆಗೆ ಇಟ್ಟಿದ್ದೇನೆ. ಸಂಜೆಯ ನಡಿಗೆಯಲ್ಲಿ ಅದು ಬರುವ ಹೊತ್ತಿಗೆ ಸರಿಯಾಗಿ ನಮ್ಮ ರಸ್ತೆಯ ತಿರುವು ಸಿಗುತ್ತದೆ. ಹಾಡು ಮುಗಿಯದಿದ್ದರೆ ಇನ್ನೊಂದು ಸುತ್ತು ಹಾಕುತ್ತೇನೆ.