ನನ್ನ ಪರವಾಗಿ ‘ಎಸ್ ಸಾರ್’

ಗಡಿನಾಡಿನ ಕಾಲೇಜೊಂದರಲ್ಲಿ 31 ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದ ನಾನು ಹಳಗನ್ನಡವನ್ನು ಎಷ್ಟು ಮಂದಿಯ ತಲೆಗೆ ಹತ್ತಿಸಿದೆನೋ ನನಗೇ ತಿಳಿಯದು; ಆದರೆ ಪ್ರಾಕ್ಸಿಗಳನ್ನು ಹಿಡಿಯುವುದರಲ್ಲಿ ನನಗಿದ್ದ ಹೆಸರು ಬದಿಯಡ್ಕದಿಂದ ಪೆರ್ಲದವರೆಗೂ ಹಬ್ಬಿತ್ತು. ಹಾಜರಿ ಕರೆಯುವಾಗ ತಲೆ ಎತ್ತದೆಯೇ, ಹದಿನೇಳನೆಯ ಸಂಖ್ಯೆಯ ‘ಎಸ್ ಸಾರ್’ ಇಪ್ಪತ್ತಮೂರನೆಯವನ ಗಂಟಲಿನಿಂದ ಬಂದದ್ದೆಂದು ನಾನು ಹೇಳಬಲ್ಲವನಾಗಿದ್ದೆ. ಒಬ್ಬ ಹುಡುಗನಂತೂ ಮೂವರು ಗೆಳೆಯರ ಪರವಾಗಿ ಮೂರು ಸ್ವರಗಳಲ್ಲಿ ಹಾಜರಿ ಕೊಟ್ಟು, ತನ್ನ ಸರದಿ ಬಂದಾಗ ಸ್ವರ ಮುಗಿದುಹೋದದ್ದರಿಂದ ಸುಮ್ಮನೆ ಕೂತು, ತರಗತಿಯಲ್ಲಿದ್ದೂ ಗೈರುಹಾಜರಾಗಿದ್ದ. ಇಂಥ ಕೀರ್ತಿಯುಳ್ಳ ನಾನು, ಅರುವತ್ತೈದು ದಾಟಿದ ಮೇಲೆ, ನನ್ನದೇ ಮನೆಯ ಕಂಪ್ಯೂಟರಿನಲ್ಲಿ ನನ್ನದೇ ಕೈಯಿಂದ ಒಂದು ಪ್ರಾಕ್ಸಿಯನ್ನು ಕೂರಿಸಬೇಕಾಗಿ ಬಂತು. “ಬೇರೆಯವರ ಮಕ್ಕಳು ಮಾಡಿದರೆ ತಪ್ಪು, ನೀವು ಮಾಡಿದರೆ ಸಂಶೋಧನೆಯಾ?” ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ನಾನು ಈವರೆಗೂ ಉತ್ತರ ಕೊಟ್ಟಿಲ್ಲ.

ಸಂಶೋಧನೆಯೆಂಬುದು ದೊಡ್ಡ ಮಾತಾಯಿತು. ಘಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದವರು ಹಳೆಯ ಕನ್ನಡ ನಿಯತಕಾಲಿಕಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆಂದು ಕೇಳಿ ನಾನು ಸದಸ್ಯನಾದೆ. ಸದಸ್ಯನಾದ ಮೇಲೆ ತಿಳಿದದ್ದೇನೆಂದರೆ, ಆ ಪುಟಗಳು ಅವರ ಆವರಣದ ಜಾಲದೊಳಗಿನ ಕಂಪ್ಯೂಟರುಗಳಿಗೆ ಮಾತ್ರ ತೆರೆದುಕೊಳ್ಳುತ್ತವೆ. ಹೊರಗಿರುವವರು ಗ್ರಂಥಾಲಯದವರು ಕಳುಹಿಸುವ ಪ್ರಾಕ್ಸಿ ಕ್ಲೈಂಟ್ ಎಂಬ ತಂತ್ರಾಂಶವನ್ನು ಹಾಕಿಕೊಳ್ಳಬೇಕು. ನಮ್ಮ ಕಂಪ್ಯೂಟರು ಕೇಳುವ ಪುಟವನ್ನು ಆ ಕ್ಲೈಂಟು ವಿಶ್ವವಿದ್ಯಾಲಯದ ಪ್ರಾಕ್ಸಿ ಸರ್ವರಿಗೆ ಒಪ್ಪಿಸುತ್ತದೆ, ಸರ್ವರು ನಮ್ಮ ಪರವಾಗಿ ಹೋಗಿ ಪುಟವನ್ನು ತಂದು ಕೊಡುತ್ತದೆ, ಮತ್ತು ಪುಟದ ಯಜಮಾನನಿಗೆ ಕಾಣುವುದು ನಮ್ಮ ವಿಳಾಸವಲ್ಲ, ಸರ್ವರಿನ ವಿಳಾಸ. ಇಷ್ಟು ತಿಳಿದಾಗ ನನಗೆ ಸಣ್ಣದೊಂದು ರೋಮಾಂಚನವೇ ಆಯಿತು. 1956ರ ನವೆಂಬರ್ 1ರಂದು ಕಾಸರಗೋಡಿನವರಾದ ನಮ್ಮನ್ನು ಕೇರಳಕ್ಕೆ ಸೇರಿಸಿದರು; ಚಂದ್ರಗಿರಿ ಹೊಳೆಯ ಉತ್ತರದ ನೆಲ ಆಚೆಗೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಬರೆದುಕೊಟ್ಟಿತು; ಕಯ್ಯಾರ ಕಿಂಞಣ್ಣ ರೈಗಳಂಥವರು ಬದುಕಿಡೀ ಕೂಗಿದರು. ಅಷ್ಟರಿಂದಲೂ ಆಗದ ವಿಲೀನವನ್ನು ಒಂದು ಗುಂಡಿ ಒತ್ತಿ, ನನ್ನ ಕಂಪ್ಯೂಟರಿನ ಮಟ್ಟಿಗಾದರೂ, ಸಾಧಿಸಬಹುದೆಂದರೆ ಯಾರಿಗೆ ತಾನೆ ಸಂತೋಷವಾಗದು?

ವಿಲೀನಕ್ಕೆ ಮೊದಲ ಅಡ್ಡಿ ವಿಂಡೋಸಿನಿಂದಲೇ ಬಂತು. ಕಡತವನ್ನು ಇಳಿಸಿಕೊಂಡು ಎರಡು ಬಾರಿ ಕುಟ್ಟಿದೊಡನೆ ಪರದೆಯ ಮೇಲೆ ನೀಲಿ ಬಣ್ಣದ ದೊಡ್ಡ ಫಲಕವೊಂದು ಎದ್ದುನಿಂತು, ತಾನು ನನ್ನ ಕಂಪ್ಯೂಟರನ್ನು ರಕ್ಷಿಸಿದ್ದೇನೆಂದು ಘೋಷಿಸಿತು. ಯಾರಿಂದ ರಕ್ಷಿಸಿತೆಂದು ನೋಡಿದರೆ ನನ್ನಿಂದಲೇ. ಆ ಫಲಕದಲ್ಲಿ ಕಾಣುವ ಗುಂಡಿ ‘ಓಡಿಸಬೇಡ’ ಎಂಬುದೊಂದೇ; ‘ಆದರೂ ಓಡಿಸು’ ಎಂಬ ಗುಂಡಿಯನ್ನು ‘ಮೋರ್ ಇನ್ಫೋ’ ಎಂಬ ಸಣ್ಣಕ್ಷರದ ಹಿಂದೆ ಬಚ್ಚಿಟ್ಟಿರುತ್ತಾರೆ. ಅದನ್ನು ಕಂಡುಹಿಡಿಯುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಕಂಡುಹಿಡಿದು ಒತ್ತುವಷ್ಟರಲ್ಲಿ ಆಂಟಿವೈರಸ್ ಎಚ್ಚೆತ್ತು, ಕಡತವನ್ನೇ ಎತ್ತಿಕೊಂಡು ಹೋಗಿ ಪ್ರತ್ಯೇಕ ಕೋಣೆಯಲ್ಲಿ ಕೂಡಿಹಾಕಿತು. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನಿಗೆ ಫೋನು ಮಾಡಿ, ಗ್ರಂಥಾಲಯದವರು ಕೊಟ್ಟಿರುವ ಗುರುತಿನೊಂದಿಗೆ ಕಡತವನ್ನು ಹೋಲಿಸಿ ನೋಡಿ, ಅದು ನಿರಪರಾಧಿಯೆಂದು ಖಾತ್ರಿಯಾದ ಮೇಲೆ ಬಿಡಿಸಿಕೊಂಡೆವು.

ಅಳಿಯ ಒಳ್ಳೆಯ ಹುಡುಗ, ಆದರೆ ಫೋನಿನಲ್ಲಿ ಮಾತಾಡುವಾಗ ಅವನ ಅರ್ಧ ಗಮನ ಕಚೇರಿಯ ಕೆಲಸದ ಮೇಲಿರುತ್ತದೆ. ಮನೆಯಲ್ಲಿ ಸಿಗ್ನಲ್ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುವುದರಿಂದ, ಅವನು ಹೇಳಿದ್ದನ್ನು ನಾನು ಅಲ್ಲಿ ಕೇಳಿಕೊಂಡು, ನೆನಪಿನಲ್ಲಿಟ್ಟುಕೊಂಡು, ಚಾವಡಿ ದಾಟಿ ಒಳಗಿನ ಕೋಣೆಗೆ ಬಂದು ಮಾಡಬೇಕು. ಆ ಪ್ರಯಾಣದಲ್ಲಿ ಸೂಚನೆಗಳು ಒಂದಿಷ್ಟು ಸೋರಿಹೋಗುತ್ತವೆ.

“ಎಂತ ಉಂಟು ಮಾವ ಅಲ್ಲಿ?” ಎಂದು ಅವನು ಕೇಳಿದ.

“ಪ್ರಾಕ್ಸಿಯ ಬಗೆ ಯಾವುದೆಂದು ಕೇಳುತ್ತಾ ಉಂಟು.”

“ಸಾಕ್ಸ್ ಐದು ಹಾಕಿ.”

ತುಲಾ ಮಾಸದ ಮಳೆ ಹೊಯ್ಯುತ್ತಿದ್ದ ದಿನಗಳವು, ನೆಲ ತಣ್ಣಗಿತ್ತು. ಹುಡುಗ ನನ್ನ ಶೀತದ ಬಗ್ಗೆ ಕಾಳಜಿ ತೋರುತ್ತಿದ್ದಾನೆಂದೇ ನಾನು ಭಾವಿಸಿದೆ. ಆದರೆ ಎರಡು ಕಾಲಿಗೆ ಐದು ಸಾಕ್ಸ್ ಏಕೆಂದು ಕೇಳಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಸಾಕ್ಸ್ ಎಂಬುದು ಪ್ರಾಕ್ಸಿಯೊಂದಿಗೆ ವ್ಯವಹರಿಸುವ ಒಂದು ಪದ್ಧತಿಯ ಹೆಸರೆಂದೂ, 1996ರಲ್ಲಿ ಬಂದ ಅದರ ಐದನೆಯ ಆವೃತ್ತಿಯೇ ಈಗಲೂ ನಡೆಯುತ್ತಿದೆಯೆಂದೂ, ರೂಢಿಯಾಗಿ ಅದಕ್ಕೆ 1080 ಎಂಬ ಪೋರ್ಟನ್ನು ಕೊಡುತ್ತಾರೆಂದೂ ಅವನು ವಿವರಿಸಿದ. ಒಂದು ಕಂಪ್ಯೂಟರಿಗೆ ಇಂಥ ಪೋರ್ಟುಗಳು, ಅಂದರೆ ಬಾಗಿಲುಗಳು, 65,535ರವರೆಗೆ ಇರುತ್ತವೆಯಂತೆ. ನಮ್ಮ ಹಿರಿಯರ ಕಾಲದ ತೊಟ್ಟಿಯ ಮನೆಯಲ್ಲೂ ಹನ್ನೆರಡೇ ಬಾಗಿಲುಗಳಿದ್ದವು, ಅದರಲ್ಲೂ ಎರಡು ಮಳೆಗಾಲದಲ್ಲಿ ಉಬ್ಬಿ ತೆರೆಯುತ್ತಿರಲಿಲ್ಲ.

ಬಾಗಿಲೇನೋ ಸರಿಹೋಯಿತು, ಬೀಗ ತೆರೆಯಲಿಲ್ಲ. ಬಳಕೆದಾರನ ಹೆಸರನ್ನು ಹಾಕಿ, ಗುಪ್ತಪದವನ್ನು ಕುಟ್ಟಿ ಕಳುಹಿಸಿದರೆ ನಿರಾಕರಣೆಯೊಂದು ಮರಳಿ ಬರುತ್ತಿತ್ತು. ಸರ್ವರು ನಮ್ಮ ಗುರುತನ್ನು ಒಪ್ಪದಿದ್ದಾಗ ಕೊಡುವ ಉತ್ತರವದು. ಗುಪ್ತಪದದ ಹತ್ತು ಅಕ್ಷರಗಳಿಗೆ ಹತ್ತು ಚುಕ್ಕಿಗಳು ಪರದೆಯ ಮೇಲೆ ಸಾಲಾಗಿ ಕೂರುತ್ತಿದ್ದವು, ಎಣಿಸಿದೆ, ಸರಿಯಿತ್ತು. ಮೂರು ಸಲ, ಐದು ಸಲ, ಬೆರಳಿಟ್ಟು ಒಂದೊಂದಾಗಿ ಓದಿಕೊಳ್ಳುತ್ತ ಆರನೆಯ ಸಲ ಕುಟ್ಟಿದೆ. ಹೆಂಡತಿ ಬಂದು ಹಿಂದೆ ನಿಂತು, ಗಡಿಯಾರದ ಪಕ್ಕದಲ್ಲಿದ್ದ ಸಣ್ಣ ಗುರುತನ್ನು ತೋರಿಸಿ, “ಇದೆಂತ, ಕನ್ನಡದಲ್ಲಿ ಉಂಟಲ್ಲ?” ಎಂದಳು. ಹೆಸರನ್ನು ಮಿಂಚಂಚೆಯಿಂದ ನಕಲು ಮಾಡಿ ಅಂಟಿಸಿದ್ದರಿಂದ ಅದು ಇಂಗ್ಲಿಷಿನಲ್ಲಿಯೇ ಇತ್ತು. ಗುಪ್ತಪದವನ್ನು ಮಾತ್ರ ನಾನು ಆ ಬೆಳಿಗ್ಗೆ ಲೇಖನವೊಂದನ್ನು ಬರೆದು ಬದಲಾಯಿಸಲು ಮರೆತಿದ್ದ ಕನ್ನಡ ಕೀಲಿಮಣೆಯಲ್ಲಿ ಕುಟ್ಟಿದ್ದೆ. ಚುಕ್ಕಿಗಳಿಗೆ ಭಾಷೆಯಿಲ್ಲ. ಏಳು ಭಾಷೆಗಳ ಸಂಗಮವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಜಿಲ್ಲೆಯಲ್ಲಿ ಕೂತು, ಯಾವ ಭಾಷೆಯಲ್ಲಿ ಬರೆಯುತ್ತಿದ್ದೇನೆಂದು ನೋಡದೆ ಹೋದದ್ದು ನನಗೆ ಅವಮಾನವೆನಿಸಿತು.

ಅದಾದ ಮೇಲೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಗಡಿಯಾರದ ಬಳಿ ಹಸಿರು ಚುಕ್ಕಿಯೊಂದು ಬೆಳಗಿತು, ಪುಟಗಳು ತೆರೆದವು, ನಾನು ರಾತ್ರಿ ಹನ್ನೊಂದರವರೆಗೆ ಓದಿದೆ. ನಡುನಡುವೆ ಬೆಂಗಳೂರಿನ ಫ್ಲಾಟುಗಳ ಜಾಹೀರಾತುಗಳು ಕಾಣಿಸಿಕೊಂಡು, ನಾನು ಕರ್ನಾಟಕದ ನಿವಾಸಿಯಾಗಿರುವುದನ್ನು ದೃಢಪಡಿಸಿದವು. ಈ ಪೌರತ್ವ ಎರಡು ದಿನ ಬಾಳಿತು.

ಮೂರನೆಯ ದಿನ ಸಂಜೆ ಗುಡುಗು ಬಂತು. ತುಲಾ ಮಳೆಯ ಸ್ವಭಾವವೇ ಹಾಗೆ. ಮಧ್ಯಾಹ್ನದವರೆಗೆ ಬಿಸಿಲು ಕಾಯಿಸಿ, ಅಂಗಳದಲ್ಲಿ ಒಣಹಾಕಿದ ಕೊಬ್ಬರಿಯ ಮೇಲೆ ನಮಗೆ ವಿಶ್ವಾಸ ಹುಟ್ಟಿಸಿ, ನಾಲ್ಕು ಗಂಟೆಗೆ ಸಿಡಿಲಿನೊಂದಿಗೆ ಸುರಿಯುತ್ತದೆ. ನಾನು ಕೊಬ್ಬರಿಗೆ ಓಡಿದೆ, ಅಷ್ಟರಲ್ಲಿ ಕರೆಂಟು ಹೋಯಿತು, ಮತ್ತು ಬ್ಯಾಟರಿ ಸತ್ತು ಒಂದು ವರ್ಷವಾಗಿದ್ದ ಯುಪಿಎಸ್ ‘ಕೀ’ ಎಂದು ಒಮ್ಮೆ ಕೂಗಿ ಕಂಪ್ಯೂಟರನ್ನು ಕೈಬಿಟ್ಟಿತು. ಮರುದಿನ ಬೆಳಿಗ್ಗೆ ಕಂಪ್ಯೂಟರು ಎದ್ದಿತು, ಇಂಟರ್ನೆಟ್ ಏಳಲಿಲ್ಲ. ಯಾವ ಪುಟವನ್ನು ಕೇಳಿದರೂ ‘ಇಂಟರ್ನೆಟ್ ಇಲ್ಲ’ ಎಂಬ ದಪ್ಪಕ್ಷರವೇ ಎದುರಾಗುತ್ತಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ, ಪ್ರಾಕ್ಸಿ ಸರ್ವರಿನಲ್ಲಿ ಏನೋ ದೋಷವಿದೆ ಅಥವಾ ಅದರ ವಿಳಾಸ ತಪ್ಪಾಗಿದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಅಡಿಟಿಪ್ಪಣಿಗಳನ್ನು ಓದದವನು ವಿದ್ಯಾರ್ಥಿಯೇ ಅಲ್ಲವೆಂದು ಮೂರು ತಲೆಮಾರಿಗೆ ಉಪದೇಶ ಮಾಡಿದ ನಾನು ದಪ್ಪಕ್ಷರವನ್ನಷ್ಟೇ ಓದಿ, ಸಿಡಿಲಿಗೆ ಮೋಡೆಮ್ ಹೋಯಿತೆಂದು ತೀರ್ಮಾನಿಸಿದೆ.

ಮೋಡೆಮನ್ನು ಆರಿಸಿ ಹಚ್ಚಿದೆ, ತಂತಿಗಳನ್ನು ಕಿತ್ತು ಚುಚ್ಚಿದೆ, ಕೊನೆಗೆ ಸಂಪರ್ಕ ಕೊಟ್ಟವರಿಗೆ ಫೋನು ಮಾಡಿದೆ. ಮಧ್ಯಾಹ್ನದ ಮೇಲೆ ಒಬ್ಬ ಹುಡುಗ ಬೈಕಿನಲ್ಲಿ ಬಂದ. “ಶರಿಯಾಕ್ಕಾಂ ಮಾಷೇ” ಎಂದು ಮಲಯಾಳದಲ್ಲಿ ಅಭಯ ಕೊಟ್ಟು, ಕಪ್ಪು ಕಿಟಕಿಯೊಂದನ್ನು ತೆರೆದು ‘ಪಿಂಗ್’ ಎಂದು ಕುಟ್ಟಿದ. ಎಲ್ಲಿಂದಲೋ ನಾಲ್ಕು ಉತ್ತರಗಳು ಪಟಪಟನೆ ಬಂದವು. ತನ್ನ ಮೊಬೈಲನ್ನು ನಮ್ಮ ವೈಫೈಗೆ ಜೋಡಿಸಿ ಅದರಲ್ಲಿ ಒಂದು ವಿಡಿಯೋ ಓಡಿಸಿ ತೋರಿಸಿದ. ಇಂಟರ್ನೆಟ್ ಉಂಟೆಂದು ಅವನು, ಇಲ್ಲವೆಂದು ನಾನು. ಇಬ್ಬರ ಕೈಯಲ್ಲೂ ಪುರಾವೆಯಿತ್ತು. ಉಂಟು ಮತ್ತು ಇಲ್ಲ ಎಂಬೆರಡೂ ಏಕಕಾಲದಲ್ಲಿ ಸತ್ಯವಾಗಿರುವ ಸ್ಥಿತಿಯನ್ನು ವೇದಾಂತದ ಪುಸ್ತಕಗಳಲ್ಲಿ ಓದಿದ್ದೆನೇ ಹೊರತು ಚಾವಡಿಯಲ್ಲಿ ಕಂಡಿರಲಿಲ್ಲ. ಪಿಂಗಿನ ಸಂದೇಶ ಪ್ರಾಕ್ಸಿಯ ಬಾಗಿಲನ್ನು ಮುಟ್ಟುವುದೇ ಇಲ್ಲ, ಅದು ನೇರವಾಗಿ ಹೊರಗೆ ಹೋಗಿಬರುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಹುಡುಗ ಚಹಾ ಕುಡಿದು, ಕಂಪ್ಯೂಟರು ಹಳತಾಯಿತೆಂಬ ಅಭಿಪ್ರಾಯವನ್ನು ಬಿಟ್ಟು ಹೋದ.

ಅನುಮಾನ ಆಗ ಪ್ರಾಕ್ಸಿಯ ಮೇಲೆ ಹೋಯಿತು. ಅಪರಾಧಿ ಸಿಕ್ಕಿದನೆಂಬ ಹಳೆಯ ಉತ್ಸಾಹದಲ್ಲಿ ನಾನು ಕ್ಲೈಂಟನ್ನು ಬುಡಸಮೇತ ಕಿತ್ತುಹಾಕಿದೆ. ಇಂಟರ್ನೆಟ್ ಬರಲಿಲ್ಲ. ರಾತ್ರಿ ಜಗಲಿಯ ಮೂಲೆಯಿಂದ ಅಳಿಯನಿಗೆ ವರದಿ ಒಪ್ಪಿಸಿದಾಗ ಅವನು, “ಪ್ರಾಕ್ಸಿ ಹೋಯಿತು ಮಾವ, ಅದರ ವಿಳಾಸ ಹೋಗಲಿಲ್ಲ” ಎಂದ. ಈ ವಾಕ್ಯವನ್ನು ಅವನು ಬಿಡಿಸಿ ಹೇಳಿದ್ದು ಹೀಗೆ: ಕ್ಲೈಂಟು ಕೆಲಸ ಶುರುಮಾಡುವಾಗ ವಿಂಡೋಸಿನ ಪ್ರಾಕ್ಸಿ ಪುಟದಲ್ಲಿ ತನ್ನ ವಿಳಾಸವನ್ನು ಬರೆದಿಡುತ್ತದೆ, ಮರ್ಯಾದೆಯಿಂದ ಮುಚ್ಚಿದರೆ ಹೋಗುವಾಗ ಅದನ್ನು ಅಳಿಸುತ್ತದೆ. ಕರೆಂಟು ಹೋದಾಗ ಅಳಿಸಲು ಸಮಯವೇ ಸಿಕ್ಕಿರಲಿಲ್ಲ. ಕಿತ್ತುಹಾಕುವಾಗಲೂ ಆ ಬರಹವನ್ನು ಅದು ಒಯ್ಯಲಿಲ್ಲ. ಸೆಟ್ಟಿಂಗ್ಸಿನೊಳಗೆ ನೆಟ್‌ವರ್ಕ್ ಎಂಬಲ್ಲಿಗೆ ಹೋಗಿ, ಅದರ ಕೆಳಗಿನ ಪ್ರಾಕ್ಸಿ ಪುಟವನ್ನು ತೆರೆದರೆ, ನಿಜವಾಗಿಯೂ ಅಲ್ಲಿ 127.0.0.1 ಎಂಬ ವಿಳಾಸವೂ 1080 ಎಂಬ ಬಾಗಿಲೂ ಠೀವಿಯಿಂದ ಕೂತಿದ್ದವು.

127.0.0.1 ಎಂದರೆ ಯಾವ ಊರೆಂದು ಕೇಳಿದೆ. ಅದು ಯಾವ ಊರೂ ಅಲ್ಲ, ಕಂಪ್ಯೂಟರಿಗೆ ತನ್ನದೇ ಮನೆಯ ವಿಳಾಸವಂತೆ. ಕ್ಲೈಂಟು ನಮ್ಮ ಕಂಪ್ಯೂಟರಿನೊಳಗೇ ಕೂತು ಅಹವಾಲು ಸ್ವೀಕರಿಸುವುದರಿಂದ ಹಾಗೆ ಬರೆಯುತ್ತಾರೆ. ಅಂದರೆ ನನ್ನ ಬ್ರೌಸರು ಬೆಳಗಿನಿಂದ ಸಂಜೆಯವರೆಗೆ ತನ್ನ ಮನೆಯದೇ ಬಾಗಿಲನ್ನು ಒಳಗಿನಿಂದ ತಟ್ಟುತ್ತ, ಯಾರೂ ತೆರೆಯುತ್ತಿಲ್ಲವೆಂದು ದೂರುತ್ತಿತ್ತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, 127ರಿಂದ ಶುರುವಾಗುವ ವಿಳಾಸಗಳೆಲ್ಲವನ್ನೂ, ಅಂದರೆ 1,67,77,216 ವಿಳಾಸಗಳನ್ನು, ಹೀಗೆ ತನ್ನೊಡನೆ ತಾನೇ ಮಾತಾಡಿಕೊಳ್ಳುವುದಕ್ಕಾಗಿ ಮೀಸಲಿಟ್ಟಿದ್ದಾರೆ. ನಿವೃತ್ತ ಅಧ್ಯಾಪಕರ ಬಗ್ಗೆ ಇಷ್ಟು ಉದಾರವಾಗಿ ಯೋಚಿಸಿದವರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆ ಪುಟದಲ್ಲಿದ್ದ ಪ್ರಾಕ್ಸಿಯ ಗುಂಡಿಯನ್ನು ನಂದಿಸಿದೆ. ಬ್ರೌಸರು ಕಣ್ಣು ಬಿಟ್ಟಿತು, ಆದರೆ ಬಿಟ್ಟ ಕಣ್ಣಿನಿಂದ ನನ್ನನ್ನು ದುರುಗುಟ್ಟಿ ನೋಡಿ, ನಿನ್ನ ಗಡಿಯಾರ ಹಿಂದಿದೆ ಎಂದಿತು. ನೋಡಿದರೆ ಕಂಪ್ಯೂಟರಿನ ಮಟ್ಟಿಗೆ ಅಂದು 2013ರ ಜನವರಿ 1. ಕರೆಂಟಿಲ್ಲದಾಗ ಹೊತ್ತನ್ನು ನೆನಪಿಟ್ಟುಕೊಳ್ಳಬೇಕಾದ ಒಳಗಿನ ಬಿಲ್ಲೆಯಂಥ ಸೆಲ್ಲು ಯಾವಾಗಲೋ ಸತ್ತಿತ್ತು. ಸುರಕ್ಷಿತ ಪುಟಗಳ ಪ್ರಮಾಣಪತ್ರಗಳೆಲ್ಲ ಆ ದಿನಾಂಕದ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ. ವಿಂಡೋಸ್ ತಾನಾಗಿ ಗಡಿಯಾರ ಸರಿಪಡಿಸುತ್ತದೆಯಲ್ಲವೇ ಎಂದರೆ, ವ್ಯತ್ಯಾಸ 15 ಗಂಟೆಗಿಂತ ಹೆಚ್ಚಾದರೆ ಅದೂ ಕೈಚೆಲ್ಲುತ್ತದೆಯೆಂದು ಅಳಿಯ ಹೇಳಿದ. 2013ರಲ್ಲಿ ನಾನು ಸೇವೆಯಲ್ಲಿದ್ದೆ, ಮಂಡಿ ನೋಯುತ್ತಿರಲಿಲ್ಲ. ಆ ದಿನಾಂಕವನ್ನು ತಿದ್ದಲು ನನಗೆ ಅಷ್ಟೇನೂ ಮನಸ್ಸಿರಲಿಲ್ಲ. ಆದರೂ ಮರುದಿನ ಬದಿಯಡ್ಕದ ವಾಚು ರಿಪೇರಿಯವನಲ್ಲಿ ಸಿಆರ್ 2032 ಎಂಬ ಸೆಲ್ಲು ಕೊಂಡುತಂದು, ಪೆಟ್ಟಿಗೆ ಬಿಚ್ಚಿ, ಒಂದು ಸತ್ತ ಹಲ್ಲಿಯನ್ನೂ ಸಾಕಷ್ಟು ಧೂಳನ್ನೂ ಹೊರತೆಗೆದು, ಅದನ್ನು ಕೂರಿಸಿದೆ. ಕ್ಲೈಂಟನ್ನೂ ಮತ್ತೆ ಹಾಕಿದೆ. ನೀಲಿ ಫಲಕವನ್ನು ಈ ಸಲ ನಾನು ಅರೆಕ್ಷಣದಲ್ಲಿ ದಾಟಿದೆ, ಕೀಲಿಮಣೆ ಇಂಗ್ಲಿಷಿನಲ್ಲಿದೆಯೇ ಎಂದು ಎರಡು ಬಾರಿ ನೋಡಿಕೊಂಡೆ, ಗುಪ್ತಪದ ಕುಟ್ಟಿದೆ.

ಹಸಿರು ಚುಕ್ಕಿ ಹತ್ತಲಿಲ್ಲ. ಈ ಹೆಸರಿನ ಸದಸ್ಯರು ಈಗಾಗಲೇ ಒಳಗಿದ್ದಾರೆ ಎಂಬ ಸೂಚನೆ ಬಂತು.

ಗ್ರಂಥಾಲಯಕ್ಕೆ ಫೋನು ಮಾಡಿದೆ. ಅತ್ತಲಿಂದ ಮಾತಾಡಿದ ಹುಡುಗಿ ಬಹಳ ವಿನಯದಿಂದ, ಒಬ್ಬರಿಗೆ ಒಂದೇ ಕಡೆಯಿಂದ ಪ್ರವೇಶವೆಂದೂ, ನಾನು ಮೊನ್ನೆ ಸಂಜೆಯಿಂದ ಒಮ್ಮೆಯೂ ಎದ್ದುಹೋಗದೆ ಒಳಗೇ ಇರುವುದಾಗಿ ತಮ್ಮ ದಾಖಲೆಯಲ್ಲಿ ಕಾಣುತ್ತಿದೆಯೆಂದೂ ತಿಳಿಸಿದಳು. ಗುಡುಗಿನ ಸಂಜೆ ನಾನು ಕೊಬ್ಬರಿಗೆ ಓಡಿದ್ದು ಸರ್ವರಿಗೆ ಗೊತ್ತಾಗಿರಲಿಲ್ಲ. ಎರಡು ಹಗಲು, ಎರಡು ರಾತ್ರಿ ಯಾರೋ ನನ್ನ ಹೆಸರಿಗೆ ‘ಎಸ್ ಸಾರ್’ ಎನ್ನುತ್ತಲೇ ಇದ್ದರು, ಮತ್ತು ಅದನ್ನು ಹಿಡಿಯಬಲ್ಲ ಅಧ್ಯಾಪಕರು ಅಲ್ಲಿ ಯಾರೂ ಇರಲಿಲ್ಲ.

“ಏನು ಮಾಡಲಿ ಸರ್?” ಎಂದಳು.

“ಅವನಿಗೆ ಗೈರುಹಾಜರಿ ಹಾಕಿಬಿಡಿ ತಂಗಿ” ಎಂದೆ. ಎರಡು ನಿಮಿಷದಲ್ಲಿ ಹಾಕಿದಳು.